ನಿಧಾನಕ್ಕೆ ತಪ್ಪುವ ಮಷೀನು

ಕಾರಿಗೆ ಪಾಲಿಷ್ ಮಾಡುವ ಮಷೀನು, ರೋಟರಿಯಾದರೆ ಹನ್ನೊಂದು ಸಾವಿರ. ಡಿ.ಎ. ಎನ್ನುವ ಇನ್ನೊಂದು ಬಗೆಯದಕ್ಕೆ ಹದಿನೇಳು. ಸ್ಪಂಜಿನ ಪ್ಯಾಡು ಒಂದಕ್ಕೆ ಆರುನೂರು, ಉಣ್ಣೆಯದಾದರೆ ಒಂಬೈನೂರು. ಪಾಲಿಷಿನ ಬಾಟಲಿ ಬೇರೆ, ಅಂಚಿಗೆ ಅಂಟಿಸುವ ಟೇಪು ಬೇರೆ. ಅಂಗಡಿಯವನು ಒಂದೊಂದರ ಬೆಲೆ ಹೇಳುತ್ತ ಎಲ್ಲವನ್ನೂ ಗಾಜಿನ ಮೇಜಿನ ಮೇಲೆ ಸಾಲಾಗಿ ಇಟ್ಟ. ಅಕ್ಕ ಎಲ್ಲವನ್ನೂ ನೋಡಿದಳು, ಯಾವುದನ್ನೂ ಮುಟ್ಟಲಿಲ್ಲ. ಅವಳ ಕೈಚೀಲದಲ್ಲಿದ್ದದ್ದು ಇಪ್ಪತ್ತೆರಡು ಸಾವಿರ. ಆಸ್ಪತ್ರೆಯ ಲಾಂಡ್ರಿಯಲ್ಲಿ ವರ್ಷಗಟ್ಟಲೆ ನಿಂತು ಹಾಸಿಗೆಯ ಬಟ್ಟೆಗಳನ್ನು ಇಸ್ತ್ರಿ ಮಾಡಿ, ಕೆಲಸ ಬಿಟ್ಟು ಬರುವಾಗ ಕೈಗೆ ಬಂದ ಹಣದಲ್ಲಿ ಉಳಿದಿದ್ದ ಕೊನೆಯ ಗಂಟು ಅದು.

ಅವಳ ತಮ್ಮ ಬಾಗಿಲ ಬಳಿಯೇ ನಿಂತಿದ್ದ. ಒಳಗೆ ಬಂದರೆ ಯಾರೋ ಕೈಗೆ ಏನೋ ಕೊಟ್ಟುಬಿಡುತ್ತಾರೆ ಎನ್ನುವ ಹಾಗೆ ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡಿದ್ದ.

"ಇದನ್ನೇ ತಗೊಳಿ ಅಮ್ಮ," ಅಂಗಡಿಯವನು ರೋಟರಿಯ ಬೆನ್ನು ತಟ್ಟಿದ. "ದೊಡ್ಡ ದೊಡ್ಡ ವರ್ಕ್‌ಶಾಪಿನವರೆಲ್ಲ ಒಯ್ಯೋದು ಇದನ್ನೇ. ಒಂದೇ ದಿಕ್ಕಿಗೆ ಗಿರ್ರಂತ ತಿರುಗುತ್ತೆ. ಎಂಥ ಗೀರಿದ್ರೂ ಎರಡು ಸಲ ಆಡಿಸಿದ್ರೆ ಮಾಯ. ರೇಟೂ ಕಮ್ಮಿ."

"ಇದು ತಪ್ಪಾದ್ರೆ ಎಷ್ಟು ಹೊತ್ತಲ್ಲಿ ತಪ್ಪಾಗುತ್ತೆ?" ಎಂದಳು ಅಕ್ಕ.

"ಅಂದ್ರೆ?"

"ಇಸ್ತ್ರಿಪೆಟ್ಟಿಗೇನ ಬಟ್ಟೆ ಮೇಲೆ ಹಾಗೇ ಬಿಟ್ಟು ಆ ಕಡೆ ತಿರುಗಿದ್ರೆ ಎಷ್ಟು ಹೊತ್ತಿಗೆ ಸುಡುತ್ತೆ ಅಂತ ನನಗೆ ಗೊತ್ತು. ಹತ್ತಿಗೆ ಒಂದು ಲೆಕ್ಕ, ನೈಲಾನಿಗೆ ಇನ್ನೊಂದು. ಇದರ ಲೆಕ್ಕ ಹೇಳಿ."

ಅಂಗಡಿಯವನು ಕನ್ನಡಕವನ್ನು ಹಣೆಯ ಮೇಲೇರಿಸಿದ. ಮಷೀನು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಕೇಳುವವರನ್ನು ಅವನು ದಿನಾ ನೋಡುತ್ತಿದ್ದ. ಈ ಪ್ರಶ್ನೆ ಹೊಸದಾಗಿತ್ತು. ಅವನು ಬಾಯಿ ತೆರೆಯುವ ಮೊದಲೇ ಬಾಗಿಲ ಕಡೆಯಿಂದ ಉತ್ತರ ಬಂತು.

"ಅಂಚಿನ ಮೇಲಾದ್ರೆ ರೆಪ್ಪೆ ಬಡಿಯೋಷ್ಟು ಹೊತ್ತು."

ಅಕ್ಕ ತಿರುಗಿ ನೋಡಲಿಲ್ಲ. ಮನೆಯಿಂದ ಹೊರಟ ಮೇಲೆ ಅವನು ಆಡಿದ ಮೊದಲ ಮಾತು ಅದು. ತಿರುಗಿ ನೋಡಿದರೆ ಅಷ್ಟಕ್ಕೇ ನಿಂತುಬಿಟ್ಟೀತು ಎಂದು ಅವಳಿಗೆ ಗೊತ್ತಿತ್ತು.

"ಮತ್ತೆ ಇದು?" ಎಂದು ಡಿ.ಎ. ತೋರಿಸಿದಳು.

"ಇದು ತಿರುಗ್ತಾನೂ ಇರುತ್ತೆ, ಅಲುಗಾಡ್ತಾನೂ ಇರುತ್ತೆ," ಎಂದ ಅಂಗಡಿಯವನು. "ಒಂದೇ ಜಾಗದಲ್ಲಿ ಬಿಸಿ ಕೂರೋಕೆ ಬಿಡಲ್ಲ. ಜಾಸ್ತಿ ಒತ್ತಿದ್ರೆ ತಿರುಗೋದೇ ನಿಂತುಬಿಡುತ್ತೆ. ಸುಟ್ಟೇ ತೀರ್ತೀನಿ ಅಂತ ಹಟ ಹಿಡಿದು ನಿಂತವನು ಮಾತ್ರ ಇದರಲ್ಲಿ ಸುಡಬಹುದು. ಆದ್ರೆ ನಿಧಾನ ಅಮ್ಮ. ಮೊದಲೇ ಹೇಳಿಬಿಡ್ತೀನಿ. ರೋಟರಿಲಿ ಒಂದು ಗಂಟೆ ಹಿಡಿಯೋದು ಇದರಲ್ಲಿ ಮೂರು ಗಂಟೆ."

"ನಮ್ಮ ಹತ್ರ ಗಿರಾಕಿ ಇಲ್ಲ, ಗಂಟೆ ಬೇಕಾದಷ್ಟಿದೆ. ಇದೇ ಇರ್ಲಿ."

ಅಂಗಡಿಯವನಿಗೆ ನಗು ಬಂತು. ಪ್ಯಾಡುಗಳ ಪೆಟ್ಟಿಗೆ ಎಳೆದು ಮುಂದಿಟ್ಟ. ಹಳದಿಯದು ಗಟ್ಟಿ, ಗೀರು ತೆಗೆಯಲು. ಬಿಳಿಯದು ನಡುವಿನದು. ಕಪ್ಪು ಮೆದು, ಕೊನೆಯ ಹೊಳಪಿಗೆ. ಅಕ್ಕ ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ, ಬಿಟ್ಟು, ಎಷ್ಟು ಬೇಗ ಮೇಲೆದ್ದು ಬರುತ್ತದೆ ಎಂದು ನೋಡಿದಳು. ಮೂಲೆಯಲ್ಲಿ ಬೇರೆ ಇಟ್ಟಿದ್ದ ಒಂದು ಕಟ್ಟನ್ನು ಅಂಗಡಿಯವನು ಎತ್ತಿದ. "ಇವು ಸ್ವಲ್ಪ ಹಳೇ ಸ್ಟಾಕು. ನಿಮ್ಮ ಮಷೀನಿನಲ್ಲಿ ಪ್ಯಾಡು ಅಂಟಿಸೋ ಪ್ಲೇಟೂ ಐದಿಂಚು, ಇವೂ ಐದಿಂಚು. ಸರಿಯಾಗಿ ಕೂರುತ್ತೆ. ಅರ್ಧ ಬೆಲೆಗೆ ಕೊಡ್ತೀನಿ."

ಅಕ್ಕನ ಕೈ ಕಟ್ಟಿನ ಕಡೆಗೆ ಹೋಯಿತು. ಅರ್ಧ ಬೆಲೆ ಎಂದರೆ ಯಾರ ಕೈಯಾದರೂ ಹೋಗುತ್ತದೆ.

"ಬೇಡ," ಎಂದ ತಮ್ಮ. ಈಗ ಅವನು ಮೇಜಿನ ಬಳಿಯೇ ಇದ್ದ. "ಸರಿಯಾಗಿ ಕೂರ್ಬಾರ್ದು. ಪ್ಯಾಡು ಪ್ಲೇಟಿಗಿಂತ ಸ್ವಲ್ಪ ದೊಡ್ಡದಿರ್ಬೇಕು, ಸುತ್ತ ಹೊರಗೆ ಬರ್ಬೇಕು. ಇಲ್ಲದಿದ್ರೆ ಪ್ಲೇಟಿನ ಅಂಚು ಹೋಗಿ ಬಣ್ಣಕ್ಕೆ ತಾಗುತ್ತೆ." ಅವನ ಒಂದು ಕೈ ಜೇಬಿನಿಂದ ಹೊರಬಂದು ಅಳತೆ ತೋರಿಸಿತು. ತೋರಿಸಿದ್ದು ನೆನಪಾದ ಮೇಲೆ ಮತ್ತೆ ಜೇಬಿಗೆ ಹೋಯಿತು.

ಪ್ರತಿ ಬಣ್ಣದ್ದೂ ಎರಡೆರಡರಂತೆ ಆರು ಪ್ಯಾಡು, ಒಂದು ಬಾಟಲಿ ಪಾಲಿಷು, ಒಂದು ಸುರುಳಿ ಟೇಪು. ಇಸ್ತ್ರಿಪೆಟ್ಟಿಗೆ ಒಂದಿದ್ದರೂ ಮೇಜಿಗೆ ಹಾಸುವ ಬಟ್ಟೆ ಮಾತ್ರ ಬೇಕಾದಷ್ಟು ಇರಬೇಕು ಎನ್ನುವುದು ಲಾಂಡ್ರಿಯಲ್ಲಿ ಅವಳು ಕಲಿತ ಪಾಠ. ಉಳಿದ ಹಣ ಬಸ್ಸಿಗೆ ಸಾಕಾಯಿತು.

ಬಸ್ಸಿನಲ್ಲಿ ಮಷೀನಿನ ಪೆಟ್ಟಿಗೆ ಅವಳ ತೊಡೆಯ ಮೇಲಿತ್ತು. ತಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದ.

"ನಾನು ಇದನ್ನ ಹಿಡೀತೀನಿ ಅಂತ ಹೇಳಿಲ್ಲ," ಎಂದ.

"ನೀನು ಹೇಳಿದ್ದೀಯ ಅಂತ ನಾನೂ ಹೇಳಿಲ್ಲ."

"ಸೋಮವಾರ ಬೆಳಿಗ್ಗೆ ನಾನು ಗೋಡೌನಿಗೆ ಹೋಗ್ಬೇಕು."

"ಹೋಗು. ಭಾನುವಾರ ಇನ್ನೂ ಬಂದಿಲ್ಲವಲ್ಲ."

ಅವನು ಮೊದಲು ದೊಡ್ಡ ವರ್ಕ್‌ಶಾಪೊಂದರಲ್ಲಿ ಪಾಲಿಷ್ ಕೆಲಸದಲ್ಲಿದ್ದ. ಅಲ್ಲಿ ಬರುತ್ತಿದ್ದವೆಲ್ಲ ಹೊಸ ಕಾರುಗಳು. ಹೊಸ ಕಾರಿನ ಬಣ್ಣದ ಮೇಲೆ ಗಾಜಿನಂಥ ಒಂದು ತೆಳು ಪದರ ಇರುತ್ತದೆ. ಉಜ್ಜುವುದು ಆ ಪದರವನ್ನು ಮಾತ್ರ, ಕೆಳಗಿನ ಬಣ್ಣವನ್ನಲ್ಲ. ಪ್ಯಾಡಿಗೆ ಬಣ್ಣ ಹತ್ತಿತು ಎಂದರೆ ಪದರ ಹರಿಯಿತು, ಕಾರು ಕೆಟ್ಟಿತು. ಅಲ್ಲಿ ಕೆಲಸಕ್ಕೆ ಸೇರಿದವರಿಗೆ ಮೊದಲು ಹೇಳಿಕೊಡುತ್ತಿದ್ದದ್ದೇ ಇದು. ಒಂದು ದಿನ ಅವನು ನೀಲಿ ಕಾರೊಂದರ ಬಾನೆಟ್ಟಿನ ಮೇಲೆ ರೋಟರಿ ಆಡಿಸುತ್ತಿದ್ದಾಗ ಯಾರೋ ಹಿಂದಿನಿಂದ ಕರೆದರು. ಕತ್ತು ತಿರುಗಿಸಿದ, ಅಷ್ಟೇ. ಮತ್ತೆ ನೋಡುವಾಗ ಪ್ಯಾಡು ನೀಲಿಯಾಗಿತ್ತು, ಬಾನೆಟ್ಟಿನ ಎದ್ದು ನಿಂತ ಏಣಿನ ಮೇಲೆ ಉಗುರಿನಷ್ಟು ಜಾಗದಲ್ಲಿ ತಳಕ್ಕೆ ಬಳಿದ ಬೂದು ಬಣ್ಣ ಕಾಣುತ್ತಿತ್ತು. ಮಾಲೀಕ ಎಲ್ಲರನ್ನೂ ಕರೆದು, ಅವನನ್ನು ಆ ಕಾರಿನ ಪಕ್ಕದಲ್ಲಿ ನಿಲ್ಲಿಸಿ, ಆ ಉಗುರಗಲದ ಜಾಗವನ್ನು ಎಲ್ಲರಿಗೂ ತೋರಿಸಿದ. ಅವತ್ತಿನಿಂದ ಅವನ ಹೆಸರು ಸುಟ್ಟಣ್ಣ. ಕೆಲಸ ಬಿಟ್ಟ ಮೇಲೂ ಹೆಸರು ಬಿಡಲಿಲ್ಲ. ಮನೆಯವರೇ ತಮಾಷೆಗೆ ಹಾಗೆ ಕರೆಯುವ ಹಂತಕ್ಕೆ ಬಂದಿತ್ತು.

ಆಮೇಲೆ ಅಕ್ಕ ತಮ್ಮ ಸೇರಿ ರಸ್ತೆಯ ತಿರುವಿನಲ್ಲಿ ತಗಡಿನ ಶೆಡ್ಡು ಬಾಡಿಗೆಗೆ ಹಿಡಿದು ಕಾರು ತೊಳೆಯುವ ಕೆಲಸ ಶುರು ಮಾಡಿದರು. ನೀರಿನ ಪೈಪು ಹಿಡಿದರೆ ಏನೂ ಸುಡುವುದಿಲ್ಲ. ಎರಡು ವರ್ಷ ಹೇಗೋ ನಡೆಯಿತು. ಈಗ ಎದುರಿನ ಪೆಟ್ರೋಲ್ ಬಂಕಿನಲ್ಲಿ ಕಾರನ್ನು ಒಂದು ಕಡೆಯಿಂದ ನುಂಗಿ ಇನ್ನೊಂದು ಕಡೆಯಿಂದ ತೊಳೆದು ಉಗುಳುವ ಯಂತ್ರ ಬಂದಿತ್ತು. ತೊಳೆಯುವುದರಿಂದ ಒಬ್ಬರ ಹೊಟ್ಟೆ ತುಂಬಬಹುದು, ಇಬ್ಬರದಲ್ಲ. ತಮ್ಮ ಪಾರ್ಸೆಲ್ ಗೋಡೌನಿನಲ್ಲಿ ಪೆಟ್ಟಿಗೆ ಎತ್ತಿಡುವ ಕೆಲಸಕ್ಕೆ ಒಪ್ಪಿಕೊಂಡು ಬಂದ. ಅವರು ಕಂದು ಬಣ್ಣದ ಯೂನಿಫಾರ್ಮ್ ಅಂಗಿಯನ್ನೂ ಕೊಟ್ಟು ಕಳಿಸಿದ್ದರು.

ಅಕ್ಕ ಬೇಡ ಎನ್ನಲಿಲ್ಲ. ಅವಳಿಗೆ ಪೆಟ್ಟಿಗೆ ಎತ್ತುವ ಕೆಲಸ ಕೀಳೆಂದೇನೂ ಅನಿಸಿರಲಿಲ್ಲ. ಆದರೆ ಕಾರು ಒರೆಸುವಾಗ ತಮ್ಮ ಬಗ್ಗಿ, ಬೆಳಕಿಗೆ ಓರೆಯಾಗಿ ನೋಡಿ, ಬೇರೆ ಯಾರಿಗೂ ಕಾಣದ ಕೂದಲಿನಂಥ ಗೀರಿನ ಮೇಲೆ ಬೆರಳು ಆಡಿಸುವುದನ್ನು ಅವಳು ದಿನಾ ನೋಡುತ್ತಿದ್ದಳು. ಆಡಿಸಿ ಸುಮ್ಮನೆ ಮುಂದೆ ಹೋಗುತ್ತಿದ್ದ. ಈ ಭಾನುವಾರ ಅವನು ಮಷೀನು ಹಿಡಿಯದೆ ಹೋದರೆ ಇನ್ನು ಹಿಡಿಯುವುದಿಲ್ಲ ಎನ್ನುವುದು ಅವಳಿಗೆ ಖಚಿತವಾಗಿತ್ತು. ಉಳಿದಿದ್ದ ಗಂಟನ್ನು ಅವಳು ಬಿಚ್ಚಿದ್ದು ಅದಕ್ಕೇ.

ಇನ್ನು ಬೇಕಾಗಿದ್ದು ಒಂದು ಕಾರು. ಸುಟ್ಟಣ್ಣನ ಕೈಗೆ ಯಾರು ತಮ್ಮ ಕಾರು ಕೊಡುತ್ತಾರೆ? ಕೊಟ್ಟವನು ಅವರ ಸೋದರಮಾವ. ಹಿಂದೆ ಡ್ರೈವಿಂಗ್ ಶಾಲೆ ನಡೆಸುತ್ತಿದ್ದವನು, ಊರಿನ ಅರ್ಧ ಜನಕ್ಕೆ ಸ್ಟೀರಿಂಗು ಹಿಡಿಯುವುದನ್ನು ಬೈದು ಬೈದು ಕಲಿಸಿದವನು. ಶಾಲೆ ಮುಚ್ಚಿದ ಮೇಲೆ ಮೊದಲ ಕಾರೊಂದನ್ನು ಮಾತ್ರ ಉಳಿಸಿಕೊಂಡಿದ್ದ. ಒಂದು ಕಾಲದಲ್ಲಿ ಕೆಂಪಾಗಿದ್ದ ಅದು ಈಗ ಬಿಸಿಲಿಗೆ ಬೆಳ್ಳಗೆ ಬೂದಿ ಬಳಿದುಕೊಂಡ ಹಾಗಿತ್ತು.

"ತಗೊಂಡು ಹೋಗಿ," ಎಂದಿದ್ದ ಮಾವ. "ಸುಡೋದಾದ್ರೆ ನಂದೇ ಸುಡ್ಲಿ. ಪರರ ಕಾರು ಸುಟ್ಟು ನೀವು ಓಡೋಕಿಂತ ಅದು ಮೇಲು. ಆದ್ರೆ ನಾನು ಅಲ್ಲೇ ಕೂತು ನೋಡ್ತೀನಿ."

ಭಾನುವಾರ ಬೆಳಿಗ್ಗೆ ಅಕ್ಕ ಮೊದಲು ಗೋಡೌನಿನ ಅಂಗಿಯನ್ನು ಇಸ್ತ್ರಿ ಮಾಡಿ, ಶೆಡ್ಡಿನ ಕಂಬದ ಮೊಳೆಗೆ ನೇತುಹಾಕಿದಳು.

"ಇದನ್ನ ಯಾಕೆ ಇಲ್ಲಿಗೆ ತಂದೆ?" ಎಂದ ತಮ್ಮ.

"ಹೋಗೋದಾದ್ರೆ ಮುದುಡಿದ ಅಂಗಿ ಹಾಕ್ಕೊಂಡು ಹೋಗ್ಬೇಡ. ಲಾಂಡ್ರಿಯವಳ ತಮ್ಮ ನೀನು. ನಾಳೆಗೆ ನಂಗೆ ಪುರುಸೊತ್ತಿರುತ್ತೋ ಇಲ್ವೋ."

ಅವನು ಕಾರನ್ನು ತೊಳೆದ. ಒಣಗಿಸಿದ. ಆಮೇಲೆ ಟೇಪು ಹಿಡಿದು ಕೂತ. ಬಾನೆಟ್ಟಿನ ಏಣಿಗೆ ಅಂಟಿಸಿದ, ಬಾಗಿಲ ಅಂಚುಗಳಿಗೆ, ದೀಪಗಳ ಸುತ್ತ, ಕನ್ನಡಿಗಳಿಗೆ, ಹಿಡಿಕೆಗಳಿಗೆ. ಅಂಚಿಲ್ಲದ ಕಡೆಗೂ ಅಂಟಿಸಿದ. ಮಾವ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತ ನೋಡುತ್ತಿದ್ದವನು ಕೊನೆಗೆ ತಡೆಯಲಾರದೆ ಹೇಳಿದ.

"ಏನೋ ಇದು? ನನ್ನ ಕಾರಿಗೆ ಆಕ್ಸಿಡೆಂಟ್ ಆಗಿದ್ಯಾ? ಬ್ಯಾಂಡೇಜು ನೋಡಿದ್ರೆ ಡಿಸ್ಚಾರ್ಜ್ ಯಾವಾಗ ಅಂತ ಕೇಳೋಣ ಅನ್ಸುತ್ತೆ."

"ಮಾವ, ಚಹಾ ಆರೋಗುತ್ತೆ, ಕುಡೀರಿ," ಎಂದಳು ಅಕ್ಕ.

ಟೇಪು ಮುಗಿಯಿತು. ಇನ್ನು ನೆಪ ಉಳಿಯಲಿಲ್ಲ. ತಮ್ಮ ಮಷೀನನ್ನು ಪೆಟ್ಟಿಗೆಯಿಂದ ತೆಗೆದು, ತಿರುಗಿಸಿ ಬೋರಲು ಇಟ್ಟ. ಕಪ್ಪು ಮಾರ್ಕರಿನಿಂದ ಪ್ಲೇಟಿನ ಅಂಚಿಗೆ ಒಂದು ಗೆರೆ ಎಳೆದ. "ತಿರುಗ್ತಾ ಇರೋವಾಗ ಈ ಗೆರೆ ಕಾಣ್ಬಾರ್ದು," ಎಂದು ಅಕ್ಕನಿಗೆ ಹೇಳಿದ. "ಕಂಡ್ರೆ ಪ್ಯಾಡು ನಿಂತಿದೆ, ಜಾಸ್ತಿ ಒತ್ತುತಾ ಇದ್ದೀವಿ ಅಂತ ಅರ್ಥ." ಬಿಳಿ ಪ್ಯಾಡು ಅಂಟಿಸಿದ. ಅದರ ಮೇಲೆ ನಾಲ್ಕು ಹನಿ ಪಾಲಿಷು ಹಾಕಿದ. ಎಲ್ಲ ಮಾಡಿ ಮಷೀನನ್ನು ಅಕ್ಕನ ಕಡೆ ಚಾಚಿದ.

"ನೀನು ಹಿಡಿ. ನಾನು ಹೇಳಿಕೊಡ್ತೀನಿ."

ಅಕ್ಕ ಅವನ ಮುಖ ನೋಡಿದಳು. ಕೊಟ್ಟರೆ ತೆಗೆದುಕೊಳ್ಳುವುದೇ ಎಂದು ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಮಷೀನು ಹಿಡಿದುಕೊಂಡಳು.

"ಮೊದಲು ಪ್ಯಾಡನ್ನ ಬಾನೆಟ್ಟಿನ ಮೇಲೆ ಇಡು. ಸರಿಯಾಗಿ ಕೂತಮೇಲೆ ಸ್ವಿಚ್ಚು ಹಾಕು. ಗಾಳಿಲಿ ಹಾಕ್ಬೇಡ."

ಅಕ್ಕ ಗಾಳಿಯಲ್ಲೇ ಹಾಕಿದಳು. ಪಾಲಿಷು ಹನಿಹನಿಯಾಗಿ ಸುತ್ತಲೂ ಸಿಡಿಯಿತು. ಕಾರಿನ ಗಾಜಿಗೆ, ಕಂಬಕ್ಕೆ, ತಮ್ಮನ ಕೆನ್ನೆಗೆ, ಎಲ್ಲಕ್ಕಿಂತ ಹೆಚ್ಚಾಗಿ ಮಾವನ ಬಿಳಿ ಅಂಗಿಗೆ. ಮಾವ ಚಹಾದ ಲೋಟವನ್ನು ಎತ್ತಿ ಹಿಡಿದು ಹಾಗೇ ಕೂತ.

"ಕಾರಿಗೆ ಪಾಲಿಷ್ ಅಂದ್ರಿ," ಎಂದ. "ನನಗೂ ಅಂತ ಹೇಳಿದ್ರೆ ಹಳೇ ಅಂಗಿ ಹಾಕ್ಕೊಂಡು ಬರ್ತಿದ್ದೆ."

"ಮತ್ತೆ ಹಾಕ್ಲಾ?" ಎಂದು ಅಕ್ಕ ಇನ್ನೊಮ್ಮೆ ಸ್ವಿಚ್ಚಿನ ಮೇಲೆ ಬೆರಳಿಟ್ಟಳು.

"ಕೊಡು ಇಲ್ಲಿ," ಎಂದು ತಮ್ಮ ಮಷೀನನ್ನು ಕಿತ್ತುಕೊಂಡ.

ಹತ್ತಾರು ಜಾತಿಯ ಯಂತ್ರಗಳನ್ನು ನಡೆಸಿದ್ದ, ಆಸ್ಪತ್ರೆಯ ದೊಡ್ಡ ಉಗಿ ಇಸ್ತ್ರಿಯನ್ನೇ ಪಳಗಿಸಿದ್ದ ಅಕ್ಕನಿಗೆ ಒಂದು ಸ್ವಿಚ್ಚು ತಿಳಿಯದೆ ಹೋಯಿತೇ ಎಂದು ಮಾವ ಅವಳನ್ನು ಓರೆಗಣ್ಣಿನಲ್ಲಿ ನೋಡಿದ. ಅವಳು ಬಟ್ಟೆ ಒದ್ದೆ ಮಾಡಿಕೊಂಡು ಬಂದು ಅವನ ಅಂಗಿ ಒರೆಸತೊಡಗಿದಳು.

ತಮ್ಮ ಪ್ಯಾಡನ್ನು ಬಾನೆಟ್ಟಿನ ಮೇಲಿಟ್ಟ. ಮೊದಲು ಮಷೀನು ಓಡಿಸದೆ ಅಲ್ಲಲ್ಲೇ ಉಜ್ಜಿ ಪಾಲಿಷನ್ನು ಹರಡಿದ. ಆಮೇಲೆ ಸ್ವಿಚ್ಚು ಹಾಕಿದ. ಗುಂಯ್ ಎನ್ನುವ ಸದ್ದು ಶೆಡ್ಡಿನ ತಗಡಿಗೆ ತಾಗಿ ಮರಳಿತು. ಎಡದಿಂದ ಬಲಕ್ಕೆ, ನಿಧಾನವಾಗಿ, ಒಂದು ಸಾಲಿನ ಅರ್ಧದ ಮೇಲೆ ಇನ್ನೊಂದು ಸಾಲು ಬರುವ ಹಾಗೆ. ಆಮೇಲೆ ಮೇಲಿನಿಂದ ಕೆಳಕ್ಕೆ. ಪ್ಲೇಟಿನ ಕಪ್ಪು ಗೆರೆ ಮಸುಕಾಗಿ ಮಾಯವಾಗಿತ್ತು. ಕಿವಿಯವರೆಗೆ ಏರಿದ್ದ ಅವನ ಭುಜಗಳು ಇಷ್ಟಿಷ್ಟೇ ಇಳಿದವು. ಅಕ್ಕ ಮಾವನ ಅಂಗಿ ಒರೆಸುವುದನ್ನು ಯಾವಾಗಲೋ ನಿಲ್ಲಿಸಿ ಅದನ್ನೇ ನೋಡುತ್ತಿದ್ದಳು. ಅವನ ಮುಂಗೈ ಚಲಿಸುವ ರೀತಿ ಅವಳಿಗೆ ಗೊತ್ತಿದ್ದದ್ದೇ. ಚೆನ್ನಾಗಿ ಇಸ್ತ್ರಿ ಮಾಡುವವರ ಕೈ ಹಾಗೆ ಹೋಗುತ್ತದೆ, ಭಾರವನ್ನು ಹೇರದೆ, ಪೆಟ್ಟಿಗೆಗೆ ದಾರಿ ತೋರಿಸುತ್ತ.

ಬಾನೆಟ್ಟಿನ ಒಂದು ಕಾಲುಭಾಗ ಮುಗಿಯಿತು. ತಮ್ಮ ಮಷೀನು ನಿಲ್ಲಿಸಿ, ಪ್ಯಾಡನ್ನು ಬ್ರಷ್ಷಿನಿಂದ ಉಜ್ಜಲೆಂದು ಮೇಲಕ್ಕೆತ್ತಿ ತಿರುಗಿಸಿದ.

ಪ್ಯಾಡು ಕೆಂಪಾಗಿತ್ತು. ಅಲ್ಲಿ ಇಲ್ಲಿ ಅಲ್ಲ. ಬಿಳಿ ಎಂಬುದೇ ಇರಲಿಲ್ಲ.

ಅವನು ಮಷೀನನ್ನು ನೆಲದ ಮೇಲೆ ಬಹಳ ಜೋಪಾನವಾಗಿ ಇಟ್ಟ. ನಿದ್ದೆ ಹೋದ ಮಗುವನ್ನು ಮಲಗಿಸುವ ಹಾಗೆ. ಬಾನೆಟ್ಟಿನ ಕಡೆ ನೋಡಲಿಲ್ಲ, ಯಾರ ಕಡೆಯೂ ನೋಡಲಿಲ್ಲ. ಶೆಡ್ಡಿನ ಹಿಂದಕ್ಕೆ ಹೋದ. ನಲ್ಲಿ ಬಿಟ್ಟ ಸದ್ದು ಕೇಳಿಸಿತು.

ಮಾವ ಕುರ್ಚಿಯಿಂದ ಎದ್ದು ನಿಂತಿದ್ದ. ಸುಟ್ಟರೆ ಸುಡಲಿ ಎಂದಿದ್ದವನ ಮುಖದಲ್ಲಿ ರಕ್ತವಿರಲಿಲ್ಲ.

"ಹೋಯ್ತಾ?" ಎಂದ ಮೆಲ್ಲಗೆ.

"ಗೊತ್ತಿಲ್ಲ ಮಾವ," ಎಂದಳು ಅಕ್ಕ. ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ.

ಒಂದು ಕ್ಷಣ ಅವಳಿಗೆ ಕೈಚೀಲದ ಆ ಗಂಟು ಕಣ್ಮುಂದೆ ಬಂತು. ಅದಕ್ಕಿಂತ ಹೆಚ್ಚಾಗಿ, ತಾನೇ ಎಳೆದು ತಂದು ಅವನನ್ನು ಎರಡನೆಯ ಸಲ ಕಾರಿನ ಪಕ್ಕ ನಿಲ್ಲಿಸಿದೆನಲ್ಲ ಎನ್ನಿಸಿತು. ಆಮೇಲೆ ಅವಳು ಸ್ವಚ್ಛ ಬಟ್ಟೆಯೊಂದನ್ನು ತೆಗೆದುಕೊಂಡು ಬಾನೆಟ್ಟಿನ ಮೇಲಿದ್ದ ಪಾಲಿಷಿನ ಮಸುಕನ್ನು ಒರೆಸಿದಳು. ಕೆಳಗೆ ಬೂದು ಇರಲಿಲ್ಲ. ಕೆಂಪಿತ್ತು. ಈ ಕಾರಿನ ಮೇಲೆ ಅವಳು ಎಂದೂ ಕಾಣದ ದಟ್ಟ ಕೆಂಪು. ಮೂಲೆ ಮೂಲೆಗೂ ಒರೆಸಿ ಹುಡುಕಿದಳು. ಎಲ್ಲೂ ಬೂದು ಕಾಣಲಿಲ್ಲ. ಬಣ್ಣ ಪ್ಯಾಡಿಗೂ ಬಂದಿದೆ, ಕಾರಿನಲ್ಲೂ ಇದೆ. ಇದು ಸುಟ್ಟ ಬಟ್ಟೆಯ ಲಕ್ಷಣವಲ್ಲ. ಬಣ್ಣ ಬಿಡುವ ಬಟ್ಟೆಯ ಲಕ್ಷಣ.

ಲಾಂಡ್ರಿಯಲ್ಲಿ ಬಣ್ಣದ ಬಟ್ಟೆ ಬಂದರೆ ನೀರಿಗೆ ಹಾಕುವ ಮೊದಲು ಒಳಗಿನ ಮಡಿಕೆ ಬಿಡಿಸಿ, ಯಾರ ಕಣ್ಣಿಗೂ ಬೀಳದ ಕಡೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡುತ್ತಿದ್ದರು. ಅದಕ್ಕೆ ಬಣ್ಣ ಹತ್ತಿದರೆ ಆ ಬಟ್ಟೆಯ ಗುಣವೇ ಅದು, ಒಗೆದವರ ತಪ್ಪಲ್ಲ. ಅವಳು ಕಾರಿನ ಬಾಗಿಲು ತೆಗೆದಳು. ಬಾಗಿಲು ಮುಚ್ಚಿದಾಗ ಒಳಗೆ ಅಡಗುವ ಅಂಚಿನಲ್ಲಿ, ಬಿಸಿಲಾಗಲಿ ಮಷೀನಾಗಲಿ ತಾಗದ ಕಡೆ, ಇನ್ನೊಂದು ಬಿಳಿ ಬಟ್ಟೆಗೆ ಒಂದು ಹನಿ ಪಾಲಿಷು ಹಾಕಿ ಹೆಬ್ಬೆರಳಿನಿಂದ ಉಜ್ಜಿದಳು. ಬಟ್ಟೆ ಕೆಂಪಾಯಿತು.

"ಮಾವ, ಈ ಕಾರಿಗೆ ಬಣ್ಣ ಹೊಡೆಸಿದ್ದು ಯಾವಾಗ?"

"ಹೊಡೆಸೋದೇನು? ಹುಟ್ಟಿದಾಗ ಬಂದ ಬಣ್ಣ."

"ಬಣ್ಣದ ಮೇಲೆ ಗಾಜಿನ ಥರ ಇನ್ನೊಂದು ಪದರ ಇತ್ತಾ?"

"ಆಗೆಲ್ಲ ಅದೆಲ್ಲಿತ್ತು? ಬಣ್ಣ ಅಂದ್ರೆ ಬಣ್ಣ, ಒಂದೇ. ನಾನು ಒರೆಸಿದಾಗಲೆಲ್ಲ ಬಟ್ಟೆ ಕೆಂಪಾಗೋದು. ಯಾರನ್ನ ಕೊಂದು ಬಂದ್ರಿ ಅಂತ ನಿಮ್ಮತ್ತೆ ಬಯ್ಯೋಳು."

"ಇದನ್ನ ಬೆಳಿಗ್ಗೆನೇ ಹೇಳೋಕೆ ಏನಾಗಿತ್ತು ಮಾವ?"

"ನೀವು ಕೇಳಿದ್ರಾ? ಕಾರಿಗೆ ಬ್ಯಾಂಡೇಜು ಸುತ್ತೋದ್ರಲ್ಲೇ ಇದ್ರಿ."

ಅಕ್ಕ ಮತ್ತೊಂದು ಸ್ವಚ್ಛ ಬಿಳಿ ಬಟ್ಟೆಗೆ ಪಾಲಿಷಿನ ಹನಿ ಹಾಕಿ, ಹಿಡಿದುಕೊಂಡು ಶೆಡ್ಡಿನ ಹಿಂದಕ್ಕೆ ಹೋದಳು. ತಮ್ಮ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ತೊಳೆಯುತ್ತಿದ್ದ. ಕೈ ಆಗಲೇ ತೊಳೆದಾಗಿತ್ತು. ಆದರೂ ತೊಳೆಯುತ್ತಿದ್ದ.

"ಸುಟ್ಟಿಲ್ಲ," ಎಂದಳು.

"ಮಾವನಿಗೆ ಎಷ್ಟು ಕೊಡ್ಬೇಕೋ ಕೇಳು. ಗೋಡೌನಿನ ಸಂಬಳದಲ್ಲಿ ತೀರಿಸ್ತೀನಿ."

"ಸುಟ್ಟಿಲ್ಲ ಅಂದೆ ಕಣೋ. ಹಳೇ ಕಾಲದ ಬಣ್ಣ ಅದು. ಮೇಲೆ ಪದರಾನೇ ಇಲ್ಲ. ಯಾರು ಉಜ್ಜಿದ್ರೂ ಬಣ್ಣ ಬಿಡುತ್ತೆ."

"ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ. ನಿನಗೆ ಕಾರಿನ ಬಣ್ಣದ ವಿಷಯ ಏನು ಗೊತ್ತು?"

"ಏನೂ ಗೊತ್ತಿಲ್ಲ. ನನಗೆ ಗೊತ್ತಿರೋದು ಬಟ್ಟೆ ವಿಷಯ." ಅವಳು ನಲ್ಲಿ ನಿಲ್ಲಿಸಿದಳು. "ನಿನ್ನ ಸಮಾಧಾನ ಮಾಡೋಕೆ ನಾನು ಇಪ್ಪತ್ತೆರಡು ಸಾವಿರ ಖರ್ಚು ಮಾಡ್ತೀನಾ? ಅಷ್ಟಕ್ಕಾಗಿದ್ರೆ ಐಸ್‌ಕ್ರೀಮು ಕೊಡಿಸಿದ್ರೆ ಸಾಕಾಗ್ತಿತ್ತು."

ಅವನು ಒದ್ದೆ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ.

ಅವಳು ಬಟ್ಟೆಯನ್ನು ಅವನ ಮಂಡಿಯ ಮೇಲೆ ಹಾಕಿದಳು. "ನನ್ನ ಮಾತು ನಂಬ್ಬೇಡ. ಆ ಕಡೆ ಬಾಗಿಲು ತೆಗಿ. ಮಷೀನು ಹೋಗೇ ಇಲ್ಲದ ಜಾಗದಲ್ಲಿ ನೀನೇ ಕೈಯಾರೆ ಉಜ್ಜು. ಬಟ್ಟೆ ಬೆಳ್ಳಗೇ ಉಳಿದ್ರೆ ಮಷೀನನ್ನ ನಾನೇ ಹೊತ್ಕೊಂಡು ಹೋಗಿ ಅಂಗಡಿಗೆ ವಾಪಸ್ ಕೊಡ್ತೀನಿ. ನಾಳೆ ನೀನು ಗೋಡೌನಿಗೆ ಹೋಗೋವಾಗ ಬುತ್ತಿನೂ ಕಟ್ಟಿಕೊಡ್ತೀನಿ. ಇನ್ಯಾವತ್ತೂ ಈ ಮಾತು ಎತ್ತಲ್ಲ."

ಇಷ್ಟು ಹೇಳಿ ಅವಳು ಕಾಯದೆ ಮುಂದಕ್ಕೆ ಬಂದುಬಿಟ್ಟಳು. ಬಂದು ಮಾವನ ಪಕ್ಕದಲ್ಲಿ ನಿಂತಳು. ಮಾವ ಏನೋ ಕೇಳಲು ಹೊರಟಾಗ ಸುಮ್ಮನಿರಿ ಎಂದು ಕಣ್ಣಿನಲ್ಲೇ ಹೇಳಿದಳು. ಎದುರಿನ ಬಂಕಿನ ಯಂತ್ರ ಒಂದು ಕಾರನ್ನು ನುಂಗಿತು, ಉಗುಳಿತು. ಇನ್ನೊಂದನ್ನು ನುಂಗಿತು.

ತಮ್ಮ ಬಂದ. ಕಾರಿನ ಆಚೆ ಬದಿಗೆ ಹೋಗಿ ಬಾಗಿಲು ತೆಗೆದ. ಅವನು ಬಗ್ಗಿದ್ದರಿಂದ ಇವರಿಗೆ ಬೆನ್ನು ಮಾತ್ರ ಕಾಣುತ್ತಿತ್ತು, ಉಜ್ಜುವಾಗ ಭುಜ ಅಲುಗುವುದು ಕಾಣುತ್ತಿತ್ತು. ಅಲುಗುವುದು ನಿಂತಿತು. ಅವನು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. ಬಟ್ಟೆಯ ಇನ್ನೊಂದು ಮೂಲೆ ಹಿಡಿದು, ಬೇರೆ ಕಡೆ ಮತ್ತೆ ಉಜ್ಜಿದ. ಮತ್ತೆ ನೋಡಿದ. ಆಮೇಲೆ ಬಾಗಿಲು ಮುಚ್ಚಿ ಬಾನೆಟ್ಟಿನ ಹತ್ತಿರ ಬಂದು, ಕೆನ್ನೆ ತಗಡಿಗೆ ತಾಗುವಷ್ಟು ಬಗ್ಗಿ, ಆ ಕಾಲುಭಾಗವನ್ನು ಓರೆಯಾಗಿ ನೋಡಿದ. ಅವನ ಬೆರಳು ಅದರ ಮೇಲೆ ಹೋಯಿತು. ಈ ಸಲ ಮುಂದಕ್ಕೆ ಹೋಗಲಿಲ್ಲ, ಅಲ್ಲೇ ನಿಂತಿತು.

"ಗೀರು ಎಲ್ಲ ಹೋಗಿದೆ," ಎಂದ. ಯಾರಿಗೂ ಹೇಳಿದ ಹಾಗಿರಲಿಲ್ಲ.

"ಅಲ್ಲಿ ಮಾತ್ರ ಹೋದ್ರೆ ಸಾಕಾ?" ಎಂದ ಮಾವ. "ನನ್ನ ಕಾರು ಅರ್ಧ ಕ್ಷೌರ ಮಾಡಿಸ್ಕೊಂಡು ಎದ್ದು ಬಂದವನ ಥರ ಆಗಿದೆ. ಹೀಗೇ ರಸ್ತೆಗೆ ತಗೊಂಡು ಹೋಗ್ಲಾ?"

ತಮ್ಮನ ಮುಖದಲ್ಲಿ ನಗು ಬರಲಿಲ್ಲ. ಆದರೆ ಅವನು ನೆಲದ ಮೇಲಿದ್ದ ಮಷೀನನ್ನು ಎತ್ತಿಕೊಂಡ. ಅಕ್ಕ ಇನ್ನೊಂದು ಬಿಳಿ ಪ್ಯಾಡಿನ ಪ್ಲಾಸ್ಟಿಕ್ ಹರಿಯಲು ಹೊರಟಳು.

"ಅದನ್ನ ತೆಗೀಬೇಡ," ಎಂದ. "ಈ ಕಾರಿಗೆ ಈ ಕೆಂಪು ಪ್ಯಾಡೇ ಇರ್ಲಿ. ಅದು ಬೇರೆಯವರ ಕಾರಿಗೆ ಬೇಕಾಗುತ್ತೆ."

ಬೇರೆಯವರ ಕಾರು ಎಂಬ ಮಾತು ಅಕ್ಕನಿಗೆ ಕೇಳಿಸಿತು. ಕೇಳಿಸದವಳ ಹಾಗೆ ಪ್ಯಾಡನ್ನು ಪೆಟ್ಟಿಗೆಯಲ್ಲಿಟ್ಟಳು.

ಬಾನೆಟ್ಟಿಗೇ ಮಧ್ಯಾಹ್ನವಾಯಿತು. ಆಮೇಲೆ ಬಾಗಿಲುಗಳು, ಛಾವಣಿ, ಹಿಂಭಾಗ. ಮಷೀನು ನಿಧಾನದ್ದೇ, ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಅಕ್ಕ ಪಾಲಿಷಿನ ಮಸುಕು ಒರೆಸುತ್ತ ಅವನ ಹಿಂದಿನಿಂದಲೇ ಬಂದಳು. ಸಲಸಲಕ್ಕೂ ಬಟ್ಟೆಗಳು ಕೆಂಪಾಗುತ್ತಿದ್ದವು. ಪಕ್ಕದ ಪಂಕ್ಚರ್ ಅಂಗಡಿಯವನು ಇಣುಕಿ, ಬಟ್ಟೆಗಳ ರಾಶಿ ನೋಡಿ, ಯಾರಿಗೆ ಏನಾಯಿತು ಎಂದು ಕೇಳಿದ. ಮಾವ ಅವನಿಗೆ ಹಳೇ ಬಣ್ಣ, ಹೊಸ ಬಣ್ಣ, ಮೇಲಿನ ಪದರ ಎಲ್ಲವನ್ನೂ ತಾನೇ ಹುಟ್ಟಿನಿಂದ ಬಲ್ಲವನ ಹಾಗೆ ಬಹಳ ಹೊತ್ತು ವಿವರಿಸಿದ. ಮಾತಿನ ನಡುವೆ ಒಮ್ಮೆ "ನಮ್ಮ ಸುಟ್ಟಣ್ಣ" ಎಂದೂ ಅಂದ. ತಮ್ಮ ಕೇಳಿಸಿಕೊಂಡು, ಮಷೀನು ನಿಲ್ಲಿಸದೆ, "ಮಾವ, ಕುರ್ಚಿ ಸ್ವಲ್ಪ ಹಿಂದಕ್ಕೆ ಹಾಕ್ಕೊಳಿ. ಇಲ್ಲದಿದ್ರೆ ನಿಮ್ಮನ್ನೂ ಒಂದು ಸುತ್ತು ಉಜ್ಜಬೇಕಾಗುತ್ತೆ," ಎಂದ.

ಬಿಸಿಲು ಇಳಿಯುವ ಹೊತ್ತಿಗೆ ಅವನು ಟೇಪುಗಳನ್ನು ಒಂದೊಂದಾಗಿ ಕಿತ್ತ. ಬಾನೆಟ್ಟಿನ ಏಣಿನ ಮೇಲಿನದನ್ನು ಕೊನೆಗೆ ಕಿತ್ತ. ಕೆಳಗೆ ಹಳೆಯ ಮಾಸಲು ಬಣ್ಣದ ಸಣ್ಣ ಪಟ್ಟಿಯೊಂದು ಹಾಗೇ ಉಳಿದಿತ್ತು. ಅದಕ್ಕೆ ಅವನು ಮಷೀನು ಹಚ್ಚಲಿಲ್ಲ. ಬಟ್ಟೆಗೆ ಪಾಲಿಷು ಹಾಕಿ, ಬೆರಳಿನಿಂದ, ಉದ್ದಕ್ಕೂ, ಕೈಯಾರೆ ಉಜ್ಜಿ ಮುಗಿಸಿದ.

ಬಾನೆಟ್ಟಿನಲ್ಲಿ ಶೆಡ್ಡಿನ ತಗಡಿನ ಗೆರೆಗಳು ಕಾಣುತ್ತಿದ್ದವು, ಕರೆಂಟಿನ ತಂತಿ ಕಾಣುತ್ತಿತ್ತು, ತಂತಿಯ ಮೇಲೆ ಕೂತ ಹಕ್ಕಿ ಕಾಣುತ್ತಿತ್ತು. ಮಾವ ಜೇಬಿನಿಂದ ಬಾಚಣಿಗೆ ತೆಗೆದು, ಬಾನೆಟ್ಟಿನ ಮೇಲೆ ಬಗ್ಗಿ, ಇದ್ದಷ್ಟು ಕೂದಲನ್ನು ಬಾಚಿಕೊಂಡ. ಕೀಲಿ ತೆಗೆದುಕೊಳ್ಳುವಾಗ ತಮ್ಮನ ಬೆನ್ನ ಮೇಲೆ ಒಂದು ಸಲ ಕೈಯಿಟ್ಟ.  ಆಮೇಲೆ ಕಾರನ್ನು, ಪಾಠ ಕಲಿಯುವ ಹೊಸಬನ ಹಾಗೆ, ಬಹಳ ಮೆಲ್ಲಗೆ ರಸ್ತೆಗೆ ಇಳಿಸಿಕೊಂಡು ಹೋದ.

ಸೋಮವಾರ ಬೆಳಿಗ್ಗೆ ತಮ್ಮ ಗೋಡೌನಿಗೆ ಹೋದ. ಇಸ್ತ್ರಿ ಮಾಡಿದ ಅಂಗಿಯನ್ನು ಮಡಿಕೆ ಕೆಡದಂತೆ ಕೊಟ್ಟು ವಾಪಸು ಬಂದ. ಅಂಗಿ ಇದ್ದ ಮೊಳೆಗೆ ತೊಳೆದ ಪ್ಯಾಡನ್ನು ಒಣಗಲು ನೇತುಹಾಕಿದ. ಅಕ್ಕ ಅದನ್ನು ಸೋಪಿನಲ್ಲಿ, ಬಿಸಿನೀರಿನಲ್ಲಿ, ತನಗೆ ತಿಳಿದ ಎಲ್ಲ ಉಪಾಯಗಳಿಂದ ತಿಕ್ಕಿ ನೋಡಿದ್ದಳು. ಅದು ಮತ್ತೆ ಬೆಳ್ಳಗಾಗಲಿಲ್ಲ.

ಹೋದದ್ದು ಒಂದು ಪ್ಯಾಡು, ಮಾವನ ಒಂದು ಅಂಗಿ, ತಿಂಗಳು ತಿಂಗಳು ಬರಬೇಕಿದ್ದ ಗೋಡೌನಿನ ಸಂಬಳ. ಉಳಿದದ್ದು ಮಷೀನು, ಐದು ಪ್ಯಾಡು, ತಮ್ಮನ ಕೈ.